ಮುಚ್ಚಳದ ಬೀಗ ಹಾಗೇ ಇತ್ತು

ನೀಲಾಂಬಿಕಾಳ ಉದ್ದನೆಯ ಸೆಮಿ ಟ್ರೇಲರ್ ಟ್ರಕ್ಕಿನಿಂದ ಡೀಸೆಲ್ ಕಳುವಾದದ್ದು ಅದೇ ಮೊದಲೇನಲ್ಲ. ಮೊದಲ ಸಲ ಕದ್ದದ್ದು ಮೆಲ್ಬರ್ನ್‌ನ ಟ್ರುಗನಿನಾದಲ್ಲಿ, ಅವಳ ಮನೆಗೆ ಹತ್ತಿರದ ವೇರ್‌ಹೌಸ್ ಅಂಗಳದಲ್ಲೇ. ಎರಡನೆಯ ಸಲ ಸಿಡ್ನಿಯ ದಾರಿಯಲ್ಲಿ, ಊಟಕ್ಕೆಂದು ನಿಲ್ಲಿಸಿದಾಗ. ಆ ದಿನ ಅವಳು ಗೇಜು ನೋಡದೆ ಹೊರಟಿದ್ದಳು. ಗುಂಡಗೈ ಎಂಬ ಊರು ದಾಟಿದ ಮೇಲೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಎತ್ತ ನೋಡಿದರೂ ಕುರಿಗಳು, ಒಣ ಹುಲ್ಲು. ಬಿಸಿಲಲ್ಲಿ ಒಬ್ಬಳೇ ಕೂತಿದ್ದಾಗ ಹಿಂದಿನಿಂದ ಇನ್ನೊಂದು ಟ್ರಕ್ ಬಂದು ನಿಂತಿತು. ಕೆಳಗಿಳಿದ ಹುಡುಗ ಅವಳ ಮುಖ ನೋಡಿ, ಕ್ಯಾಬಿನ್‌ನಲ್ಲಿ ತೂಗುತ್ತಿದ್ದ ಕನ್ನಡದ ಬಾವುಟ ನೋಡಿ, "ಅಕ್ಕ, ನೀವು ನಮ್ಮೂರ ಕಡೆಯವ್ರಾ?" ಎಂದಿದ್ದ.

ಅವನೇ ಪ್ರಮೋದ್. ಪಾಂಡವಪುರದವನು. ತನ್ನ ಟ್ರಕ್ಕಿನಿಂದ ಎರಡು ಕ್ಯಾನ್ ಡೀಸೆಲ್ ತಂದು ಸುರಿದು, ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಮೊಣಕೈವರೆಗೆ ಮಸಿ ಮಾಡಿಕೊಂಡು ಎಂಜಿನ್ ಚಾಲೂ ಮಾಡಿಕೊಟ್ಟಿದ್ದ. ದುಡ್ಡು ಕೊಡಲು ಹೋದರೆ, "ಅಕ್ಕನ ಹತ್ರ ದುಡ್ಡು ಈಸ್ಕೊತಾರಾ?" ಎಂದು ನಕ್ಕಿದ್ದ. ಆಮೇಲೆ ಟ್ರುಗನಿನಾದ ಮನೆಗೆ ಹಬ್ಬಕ್ಕೆ ಬರತೊಡಗಿದ. ಮಗಳು ಸಾನ್ವಿಗೆ ಪ್ರಮೋದ್ ಅಂಕಲ್ ಎಂದರೆ ಪ್ರಾಣ. ಅವನು ಕನ್ನಡದಲ್ಲಿ ಒಗಟು ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳುವುದು, ಹಾಗೆ ನಡೆಯುತ್ತಿತ್ತು.

ದಾವಣಗೆರೆಯ ಹೆಣ್ಣುಮಗಳು ಇಷ್ಟುದ್ದದ ಟ್ರಕ್ ಓಡಿಸುತ್ತಾಳೆ ಎಂದರೆ ಕನ್ನಡ ಸಂಘದಲ್ಲಿ ಈಗಲೂ ಹುಬ್ಬೇರಿಸುವವರಿದ್ದರು. ವೇರ್‌ಹೌಸ್‌ನಲ್ಲಿ ಲೋಡ್ ಕಳಿಸುವ ಕೆಲಸ ಮಾಡುತ್ತಲೇ ಅವಳು ಆಸೆಪಟ್ಟು ಲೈಸೆನ್ಸ್ ತೆಗೆದುಕೊಂಡಿದ್ದಳು. ಗಂಡ ಗೌರೀಶ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅವನೆಂದೂ ಬೇಡ ಎನ್ನಲಿಲ್ಲ. ಆದರೆ ಗುಂಡಗೈನ ಘಟನೆಯ ನಂತರ ಅವನಿಗೆ ನಿದ್ದೆ ಹತ್ತಲಿಲ್ಲ. ಎರಡೂ ಟ್ಯಾಂಕಿನ ಮುಚ್ಚಳಗಳಿಗೆ ಬೀಗ ಹಾಕಿಸಿದ. ಯಾರೂ ಪೈಪ್ ಇಳಿಬಿಟ್ಟು ಹೀರದಂತೆ ಟ್ಯಾಂಕಿನ ಬಾಯಿಯೊಳಗೆ ಉಕ್ಕಿನ ಜಾಲರಿ ಕೂರಿಸಿದ. ಡೀಸೆಲ್ ಇದ್ದಕ್ಕಿದ್ದಂತೆ ಕಡಿಮೆಯಾದರೆ ತನ್ನ ಫೋನಿನಲ್ಲಿ ಅಲಾರಂ ಹೊಡೆಯುವಂತೆ ಸೆನ್ಸರ್ ಒಂದನ್ನು ತಾನೇ ಜೋಡಿಸಿದ.

ಆ ಸೆನ್ಸರ್ ಮಾತ್ರ ಅವಳ ಜೀವ ತಿನ್ನುತ್ತಿತ್ತು. ಟ್ರಕ್ ಇಳಿಜಾರಲ್ಲಿ ನಿಂತರೂ ಅಲಾರಂ, ತಿರುವಿನಲ್ಲಿ ಡೀಸೆಲ್ ಕುಲುಕಿದರೂ ಅಲಾರಂ. "ಮೀಟಿಂಗ್ ಮಧ್ಯೆ ಎದ್ದು ಹೋಗಿ ನಿಂಗೆ ಫೋನ್ ಮಾಡೋ ಹಾಗಾಗಿದೆ," ಎಂದು ಗೌರೀಶನೇ ಪೇಚಾಡುತ್ತಿದ್ದ.

ಅಂದು ಬೆಳಿಗ್ಗೆ ನೀಲಾಂಬಿಕಾ ಸಿಡ್ನಿಯ ಪಶ್ಚಿಮಕ್ಕಿರುವ ಒಂದು ಟ್ರಕ್ ಸ್ಟಾಪ್‌ನಲ್ಲಿದ್ದಳು. ಹಿಂದಿನ ಸಂಜೆ ಪ್ರಮೋದನೂ ಅಲ್ಲಿಗೇ ಬಂದು ಪಕ್ಕದಲ್ಲಿ ಟ್ರಕ್ ನಿಲ್ಲಿಸಿದ್ದ. ಅವನದು ತರಕಾರಿ ಸಾಗಿಸುವ ಫ್ರಿಜ್ ಟ್ರಕ್. ಅದರ ಕೂಲಿಂಗ್ ಮೋಟಾರು ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅವಳು ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಹಂಚಿಕೊಂಡು ತಿಂದಿದ್ದರು.

ಬೆಳಗಾದ ಮೇಲೆ ಅವಳು ಸ್ನಾನಕ್ಕೆ ಹೋಗಿ ಬಂದಾಗ ಕ್ಯಾಬಿನ್‌ನಲ್ಲಿದ್ದ ಫೋನಿನ ತುಂಬ ಗೌರೀಶನ ಮಿಸ್ಡ್ ಕಾಲ್.

"ನೀಲಾ, ಎಡಗಡೆ ಟ್ಯಾಂಕಲ್ಲಿ ಲೆವೆಲ್ ಇಳಿದಿದೆ. ಒಂದ್ಸಲ ನೋಡು."

ಅವಳು ಒದ್ದೆ ಕೂದಲಿಗೆ ಟವಲ್ ಸುತ್ತಿಕೊಂಡೇ ಇಳಿದು ನೋಡಿದಳು. ಮುಚ್ಚಳದ ಬೀಗ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ. ರಾತ್ರಿ ಮಳೆ ಬಿದ್ದು ನೆಲವೆಲ್ಲ ತೇವವಾಗಿತ್ತು. ಡೀಸೆಲ್ ವಾಸನೆಯೇನೋ ಇತ್ತು, ಆದರೆ ಟ್ರಕ್ ಸ್ಟಾಪ್‌ನಲ್ಲಿ ಯಾವಾಗ ಇರುವುದಿಲ್ಲ?

"ಬೀಗ ಭದ್ರವಾಗಿದೆ ಕಣ್ರೀ. ನಿಮ್ಮ ಸೆನ್ಸರ್‌ಗೇ ತಲೆ ಕೆಟ್ಟಿದೆ."

"ಕೆಳಗೂ ಒಂಚೂರು..."

"ನಂಗೆ ಲೇಟಾಯ್ತು ರೀ. ಸಂಜೆ ಮನೆಗೆ ಬರ್ತೀನಲ್ಲ, ಆಮೇಲೆ ನೀವೇ ನೋಡಿ."

ಅವಳು ಹೊರಟಳು. ಪ್ರಮೋದನೂ ಮೆಲ್ಬರ್ನ್ ಕಡೆಗೇ ಹೊರಟಿದ್ದ. ಕೈಬೀಸಿ, ಸ್ವಲ್ಪ ಹಿಂದಿನಿಂದ ಬರುತ್ತಿದ್ದ.

ದಕ್ಷಿಣದ ಹೆದ್ದಾರಿಗೆ ಸೇರುವ ರ್‍ಯಾಂಪಿನ ತಿರುವು ಮುಗಿಯುವಾಗ ಅವಳು ಎಡಗನ್ನಡಿ ನೋಡಿದಳು. ಟ್ಯಾಂಕಿನ ಬುಡದಿಂದ ಬೆರಳುಗಾತ್ರದ ಧಾರೆ ಗಾಳಿಗೆ ಚದುರಿ ರಸ್ತೆಗೆ ಬೀಳುತ್ತಿತ್ತು. ಏನೆಂದು ಅರ್ಥವಾಗುವುದರೊಳಗೆ ಹಿಂದಿದ್ದ ಮೋಟಾರ್ ಬೈಕ್ ಓರೆಯಾಯಿತು. ಬೈಕ್ ಒಂದು ಕಡೆ, ಸವಾರ ಒಂದು ಕಡೆ. ಬೈಕಿನ ಬೆನ್ನಿಗೇ ಪ್ರಮೋದನ ಟ್ರಕ್ ಬರುತ್ತಿತ್ತು. ಅವನು ಬ್ರೇಕ್ ಹಾಕಿದ್ದು ಕಂಡಿತು. ಚಕ್ರಗಳು ನಿಂತರೂ ಟ್ರಕ್ ನಿಲ್ಲಲಿಲ್ಲ. ಎಣ್ಣೆಯ ಮೇಲೆ ಜಾರುತ್ತ, ಬಿದ್ದವರ ಮೇಲೇ ಬರುತ್ತಿತ್ತು.

ನೀಲಾಂಬಿಕಾ ಕಿರುಚಿದಳು. ಆ ಕೂಗು ಅವಳ ಕಿವಿಗೇ ಬೇರೆ ಯಾರದೋ ಎನಿಸಿತು.

ಟ್ರಕ್ಕನ್ನು ಅಂಚಿಗೆ ನಿಲ್ಲಿಸಿ ಅವಳು ಓಡಿ ಬಂದಾಗ ಪ್ರಮೋದನ ಮುಂಚಕ್ರ ಸವಾರನ ಹೆಲ್ಮೆಟ್ಟಿನಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಸವಾರನಲ್ಲ, ಹೆಂಗಸು. ಹೆಲ್ಮೆಟ್ಟಿನ ಗಾಜಿನ ಹಿಂದೆ ಕಣ್ಣು ತೆರೆದಿತ್ತು. ಕಾಲು ತಿರುಗಬಾರದ ಕಡೆ ತಿರುಗಿತ್ತು. "ನಾನು ನರ್ಸ್. ಹೆಲ್ಮೆಟ್ ತೆಗೀಬೇಡಿ," ಎಂದಳು ಆಕೆ ಇಂಗ್ಲಿಷಿನಲ್ಲಿ, ತೀರ ಸಣ್ಣ ದನಿಯಲ್ಲಿ. ಹೆಸರು ರೂತ್ ಎಂದಳು. ನೀಲಾಂಬಿಕಾ ಅವಳ ಕೈ ಹಿಡಿದು ಡೀಸೆಲ್ಲಿನಲ್ಲೇ ಮಂಡಿಯೂರಿದಳು. ಆಂಬುಲೆನ್ಸ್‌ಗೆ ಯಾರು ಫೋನ್ ಮಾಡಿದರೋ ಅವಳಿಗೆ ನೆನಪಿಲ್ಲ.

ಪ್ರಮೋದ್ ಕ್ಯಾಬಿನ್‌ನಿಂದ ಇಳಿದವನು ತನ್ನ ಟ್ರಕ್ಕಿನ ಚಕ್ರಕ್ಕೇ ಒರಗಿ ಕೂತಿದ್ದ. ಮುಖ ಸುಣ್ಣದಂತಾಗಿತ್ತು. ರೂತ್‌ಳನ್ನು ಸ್ಟ್ರೆಚರ್ ಮೇಲೆ ಎತ್ತುವಾಗ ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಜೋರಾಗಿ ಅಳತೊಡಗಿದ.

"ಅಳಬೇಡ ಪ್ರಮೋದ, ನೀನು ನಿಲ್ಲಿಸಿದ್ಯಲ್ಲ, ಅವಳು ಉಳಿದ್ಲು," ಎಂದು ನೀಲಾಂಬಿಕಾ ಅವನ ಭುಜ ಮುಟ್ಟಿದಳು.

ಅವನು ಆ ಕೈ ಕೊಡವಿಕೊಂಡ. "ಮುಟ್ಬೇಡಿ ಅಕ್ಕ. ನಾನೇ. ನಿಮ್ಮ ಟ್ಯಾಂಕಿಗೆ ತೂತು ಕೊರೆದಿದ್ದು ನಾನೇ."

ಅವಳಿಗೆ ಮಾತು ಕೇಳಿಸಿತು, ಅರ್ಥ ಆಗಲಿಲ್ಲ.

"ಬೀಗ ಇತ್ತು. ಒಳಗೆ ಜಾಲರಿ ಇದೆ ಅಂತ ಹಬ್ಬದ ದಿನ ಗೌರೀಶಣ್ಣನೇ ತೋರ್ಸಿದ್ರು. ಅದಕ್ಕೇ ಕೆಳಗಿಂದ ಡ್ರಿಲ್ ಹಾಕ್ದೆ. ನೀವು ಸ್ನಾನಕ್ಕೆ ಹೋಗಿದ್ರಿ, ನನ್ನ ಫ್ರಿಜ್ ಸದ್ದಲ್ಲಿ ಯಾರಿಗೂ ಕೇಳ್ಸಲಿಲ್ಲ. ಕ್ಯಾನ್ ತುಂಬಿಸ್ಕೊಂಡು ತೂತಿಗೆ ಸೋಪು ಮೆತ್ತಿದ್ದೆ. ಮನೆವರೆಗೂ ನಿಲ್ಲತ್ತೆ ಅಂದ್ಕೊಂಡಿದ್ದೆ ಅಕ್ಕ..."

ಅವನು ನಿಲ್ಲಿಸಲಿಲ್ಲ. ಕೇಳದೇ ಇದ್ದದ್ದನ್ನೂ ಹೇಳಿದ. "ಗುಂಡಗೈ ಹತ್ರ ನಿಮಗೆ ತಂದು ಸುರಿದ್ನಲ್ಲ, ಅದೂ ನಿಮ್ದೇ ಡೀಸೆಲ್ಲು. ಅವತ್ತು ಊಟದ ಹೊತ್ತಲ್ಲಿ ಹೀರಿದ್ದೆ. ಯಾರ ಗಾಡಿ ಅಂತ ಗೊತ್ತಿರ್ಲಿಲ್ಲ. ರಸ್ತೆ ಪಕ್ಕ ಹೆಂಗಸು ಕೂತಿರೋದು ನೋಡಿ, ಅಯ್ಯೋ ಅನ್ನಿಸ್ತು, ನಿಲ್ಲಿಸ್ದೆ."

"ಈ ಸಲ ಗೊತ್ತಿತ್ತಲ್ಲೋ," ಎಂದಳು ನೀಲಾಂಬಿಕಾ. "ಈ ಸಲ ನನ್ನ ಗಾಡಿ ಅಂತ ಗೊತ್ತಿತ್ತಲ್ಲ. ನನ್ನ ಕೈಯೂಟ ಮಾಡಿದ್ಯಲ್ಲ."



ಹತ್ತಿರ ನಿಂತಿದ್ದ ಮಹಿಳಾ ಪೊಲೀಸ್ ಇಬ್ಬರ ಮುಖವನ್ನೂ ನೋಡುತ್ತಿದ್ದಳು. "ಅವನು ಏನು ಹೇಳುತ್ತಿದ್ದಾನೆ?" ಎಂದು ನೀಲಾಂಬಿಕಾಳನ್ನು ಕೇಳಿದಳು.

ಪ್ರಮೋದನ ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಆದರೆ ಆಗ ಅವನ ಬಾಯಿಂದ ಒಂದು ಪದವೂ ಹೊರಡಲಿಲ್ಲ. ಕೊನೆಗೆ, "ನೀವೇ ಹೇಳಿ ಅಕ್ಕ," ಎಂದ.

ನೀಲಾಂಬಿಕಾ ಮೊಣಕಾಲಿನವರೆಗೆ ಡೀಸೆಲ್ ನೆನೆದ ಪ್ಯಾಂಟಿನಲ್ಲಿ ನಿಂತಿದ್ದಳು. ಹೇಳದೇ ಇರಬಹುದಿತ್ತು. ಅವನು ಹೆದರಿದ್ದಾನೆ, ಊರಿನ ನೆನಪಾಗಿ ಅಳುತ್ತಿದ್ದಾನೆ ಎನ್ನಬಹುದಿತ್ತು. ಅಲ್ಲಿ ಕನ್ನಡ ಬರುವವರು ಇನ್ಯಾರೂ ಇರಲಿಲ್ಲ. ಆಂಬುಲೆನ್ಸ್ ಹೋದ ದಿಕ್ಕಿಗೆ ನೋಡಿದಳು. ಆಮೇಲೆ ಪ್ರಮೋದ್ ಹೇಳಿದ್ದನ್ನೆಲ್ಲ, ಸೋಪಿನ ಸಮೇತ, ಇಂಗ್ಲಿಷಿನಲ್ಲಿ ಹೇಳಿದಳು. ಪೊಲೀಸ್ ಹೆಂಗಸು ಬರೆದುಕೊಳ್ಳುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. ಅವನ ಕ್ಯಾಬಿನ್ ಹಿಂದೆ ಕಂಬಳಿ ಹೊದಿಸಿದ್ದ ಕ್ಯಾನ್‌ಗಳು ಸಿಕ್ಕವು. ಡ್ರಿಲ್ ಸೀಟಿನ ಕೆಳಗಿತ್ತು.

ಮಧ್ಯಾಹ್ನದ ವಿಮಾನಕ್ಕೆ ಗೌರೀಶ ಸಿಡ್ನಿಗೆ ಬಂದ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದ ಹೆಂಡತಿ ಅವನನ್ನು ಕಂಡು ಮೊದಲು ಹೇಳಿದ್ದು, "ನೀವು ಫೋನ್ ಮಾಡಿದ್ರಿ. ನಾನು ಬಗ್ಗಿ ನೋಡ್ಲಿಲ್ಲ," ಎಂದು.

ಗೌರೀಶ ಪಕ್ಕದಲ್ಲಿ ಕೂತ. ಪ್ರಮೋದನ ವಿಷಯ ಅವಳು ಹೇಳಿದಾಗ ಅವನು ನಂಬಲಿಲ್ಲ. ಎರಡು ಸಲ ಕೇಳಿದ. ಆಮೇಲೆ ತನ್ನ ಅಂಗೈ ನೋಡಿಕೊಳ್ಳುತ್ತ, "ಜಾಲರಿ ಹೇಗೆ ಕೂರ್ಸಿದೀನಿ ಅಂತ ಟಾರ್ಚ್ ಬಿಟ್ಟು ತೋರ್ಸಿದ್ದು ನಾನೇ ಕಣೆ," ಎಂದ.

ರೂತ್‌ಳ ತೊಡೆಮೂಳೆ, ಕಾಲರ್ ಬೋನ್ ಮುರಿದಿದ್ದವು. ಜೀವಕ್ಕೆ ಅಪಾಯವಿರಲಿಲ್ಲ. ಆಪರೇಷನ್ ಆದ ಮೇಲೆ ಇಬ್ಬರೂ ಅವಳನ್ನು ನೋಡಲು ಹೋದರು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದಳಂತೆ. ನೀಲಾಂಬಿಕಾ ಕ್ಷಮೆ ಕೇಳಿದಾಗ ರೂತ್ ಸಮಾಧಾನದ ಮಾತೇನೂ ಆಡಲಿಲ್ಲ. "ನನಗೆ ಸಿಟ್ಟಿದೆ. ಯಾರ ಮೇಲೆ ಎಂದು ಇನ್ನೂ ಗೊತ್ತಿಲ್ಲ. ಆದರೆ ನೀನು ಕೈ ಬಿಡಲಿಲ್ಲ, ಅದು ನೆನಪಿದೆ," ಎಂದಳು. ನೀಲಾಂಬಿಕಾಳಿಗೆ ಅಷ್ಟು ಸಾಕಾಗಿತ್ತು.

ಪ್ರಮೋದ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಅವನಿಗೆ ಶಿಕ್ಷೆಯಾಯಿತು, ಲೈಸೆನ್ಸ್ ಹೋಯಿತು, ಟ್ರಕ್ಕೂ ಹೋಯಿತು. ಪ್ರಮೋದ್ ಅಂಕಲ್ ಯಾಕೆ ಬರುತ್ತಿಲ್ಲ ಎಂದು ಸಾನ್ವಿ ಕೇಳಿದಾಗ ಗೌರೀಶ ಕೂರಿಸಿಕೊಂಡು ಇದ್ದದ್ದನ್ನು ಹೇಳಿದ. ಅವಳು ಆ ದಿನವೆಲ್ಲ ಕೋಣೆಯಿಂದ ಹೊರಗೆ ಬರಲಿಲ್ಲ.

ನೀಲಾಂಬಿಕಾ ಎರಡು ತಿಂಗಳು ಸ್ಟಿಯರಿಂಗ್ ಮುಟ್ಟಲಿಲ್ಲ. ಕನ್ನಡಿ ನೋಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಚ್ಚಲುಮನೆಯ ಕನ್ನಡಿಯಾದರೂ ಸರಿಯೇ. ಮತ್ತೆ ಓಡಿಸುತ್ತೇನೆ ಎಂದು ಅವಳು ಹೇಳಿದ ದಿನ ಗೌರೀಶ ಹೋಗಿ, ಹೊಸ ಟ್ಯಾಂಕಿನ ತಳಕ್ಕೆ ಹೊಂದುವ ಉಕ್ಕಿನ ತಗಡು ಕತ್ತರಿಸಿಕೊಂಡು ಬಂದ. ಭಾನುವಾರ ಟ್ರುಗನಿನಾದ ಅಂಗಳದಲ್ಲಿ ಅವನು ಟ್ರಕ್ಕಿನ ಅಡಿ ಅಂಗಾತ ಮಲಗಿ ಅದನ್ನು ಕೂರಿಸುತ್ತಿದ್ದ. ಅವಳು ಕುಕ್ಕರುಗಾಲಲ್ಲಿ ಕೂತು ಬೋಲ್ಟುಗಳನ್ನು ಒಂದೊಂದಾಗಿ ಕೊಡುತ್ತಿದ್ದಳು.

"ನಿಂಗೆ ಯಾವತ್ತೂ ಅನುಮಾನ ಬಂದಿರ್ಲಿಲ್ವಾ?" ಎಂದು ಅವನು ಕೆಳಗಿನಿಂದ ಕೇಳಿದ.

"ಇಲ್ಲ ರೀ. ಈಗ್ಲೂ ನಂಬಕ್ಕಾಗ್ತಿಲ್ಲ." ಕೈಯಲ್ಲಿದ್ದ ಬೋಲ್ಟ್ ಕೊಟ್ಟು ಅವಳು ಮತ್ತೆ ಹೇಳಿದಳು. "ಅಷ್ಟು ಎಣ್ಣೆ ಮೇಲೂ ಅವನು ಗಾಡಿ ನಿಲ್ಲಿಸಿದ್ದ ಕಣ್ರೀ. ನನ್ನ ಕೈಲಿ ಆಗ್ತಿತ್ತೋ ಇಲ್ವೋ."

ಗೌರೀಶ ಸ್ಪ್ಯಾನರ್ ತಿರುಗಿಸಿ ಅದನ್ನು ಬಿಗಿ ಮಾಡಿದ. ಆಮೇಲೆ ಇನ್ನೊಂದು ಬೋಲ್ಟಿಗೆ ಕೈ ಚಾಚಿದ.