ತುರ್ತುಪರಿಸ್ಥಿತಿಗೆ ಒಂದೇ ವಾಕ್ಯ

ಚಿನ್ಮಯಿ ಶವಪೆಟ್ಟಿಗೆಯೊಳಗೆ ಬಗ್ಗಿ ಗಂಡ ಅಚಿಂತ್ಯನ ಪಂಚೆಯ ಮೇಲೆ ಬೆಲ್ಟ್ ಬಿಗಿಯುತ್ತಿದ್ದಳು. ಪಕ್ಕದಲ್ಲಿದ್ದ ಫ್ಯೂನರಲ್ ಡೈರೆಕ್ಟರ್ ಮೆಲ್ಲಗೆ ಕೆಮ್ಮಿ, ಬಕಲ್ ಲೋಹದ್ದು, ದಹನಕ್ಕೆ ಬಿಡುವುದಿಲ್ಲ ಎಂದ.

"ಬೆಲ್ಟ್ ಇಲ್ದೆ ಇವನ ಪಂಚೆ ಯಾವತ್ತು ನಿಂತಿತ್ತು?" ಎಂದಳು ಗೆಳತಿ ವೇದಾಳಿಗೆ. "ಯುಗಾದಿ ದಿನ ಕನ್ನಡ ಸಂಘದ ಸ್ಟೇಜ್ ಮೇಲೆ ಒಂದು ಕೈಲಿ ಹಾರ, ಇನ್ನೊಂದು ಕೈಲಿ ಪಂಚೆ."

ವೇದಾ ನಗಲು ಹೋಗಿ ಅತ್ತಳು. ತನ್ನ ದುಪಟ್ಟಾ ತೆಗೆದುಕೊಟ್ಟಳು. ಇಬ್ಬರೂ ಅದನ್ನೇ ಸುತ್ತಿ ಗಂಟು ಹಾಕಿದರು.

ಬಾಗಿಲಲ್ಲಿ ಡಾಕ್ಟರ್ ಸುಬ್ರಹ್ಮಣ್ಯ ಕಾಣಿಸಿಕೊಂಡರು. ಇಂಗ್ಲೆಂಡಿನ ಲೀಡ್ಸ್‌ನ ಕನ್ನಡದವರಿಗೆಲ್ಲ ಹಿರಿಯರು. ಪುರೋಹಿತರು, ಕಾರು, ಊಟ, ಎಲ್ಲ ಅವರದೇ ಏರ್ಪಾಡು.

"ನೋಡಮ್ಮ, ಇವತ್ತು ಹೇಳಬಾರದು. ಆದ್ರೆ ಪತ್ರಿಕೆ ನಾಳೆ ಪ್ರೆಸ್‌ಗೆ ಹೋಗುತ್ತೆ. ನನ್ನ ಪುಸ್ತಕದ ಮೇಲೆ ಅಚಿಂತ್ಯ ಬರೆದ ಆ ವಿಮರ್ಶೆ ಬೇಡ ಅಂತ ವೇದಾಗೆ ಹೇಳ್ಬಿಡು. ಹೋದವರ ಹೆಸರಲ್ಲಿ ಕಹಿ ಯಾಕೆ?"

"ಯಾವ ಹೋದವರು ಸರ್? ಅಚಿಂತ್ಯನಾ, ನಿಮ್ಮ ಮೇಷ್ಟ್ರಾ?"

ಅವರು ಗಡಿಯಾರ ನೋಡಿಕೊಂಡು ಹೊರಟರು. ಸಂಘದ ಪತ್ರಿಕೆಯನ್ನು ನೋಡಿಕೊಳ್ಳುತ್ತಿದ್ದವಳು ವೇದಾ. "ನೀನು ತೆಗಿ ಅಂದ್ರೆ ತೆಗೀತೀನಿ ಕಣೇ," ಎಂದು ಪಿಸುಗುಟ್ಟಿದಳು. "ಇದೇ ಜನರ ಮಧ್ಯೆ ಬದುಕ್ಬೇಕಲ್ಲ ನೀನು."

ಚಿನ್ಮಯಿ ದುಪಟ್ಟಾದ ಗಂಟನ್ನು ಇನ್ನೊಮ್ಮೆ ಬಿಗಿದಳು.

*

ಅಚಿಂತ್ಯ ಬಸ್ ಕಂಪನಿಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ. ಓದಿದ್ದು ತತ್ವಶಾಸ್ತ್ರ. ಕಳೆದ ತಿಂಗಳು ಸುಬ್ರಹ್ಮಣ್ಯ ತಾವು ಬರೆದ, ತೀರಿಕೊಂಡ ತಮ್ಮ ಮೇಷ್ಟ್ರು ಪ್ರೊಫೆಸರ್ ಈಶ್ವರಪ್ಪನವರ ಜೀವನಚರಿತ್ರೆ ತಂದುಕೊಟ್ಟು, ನಾಲ್ಕು ಮಾತು ಬರಿ ಎಂದಿದ್ದರು. ಈಶ್ವರಪ್ಪ ದೊಡ್ಡ ದಾರ್ಶನಿಕ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರವನ್ನು ಹೊಗಳಿ ಬರೆದವರು. ಕರಪತ್ರ ಹಂಚಿದ ಇಬ್ಬರು ವಿದ್ಯಾರ್ಥಿಗಳ ಹೆಸರನ್ನು ಪೊಲೀಸರಿಗೆ ಕೊಟ್ಟವರು. ಮುಪ್ಪಿನಲ್ಲಿ ತಾವೇ ಅದನ್ನು ಬಹಿರಂಗವಾಗಿ ಒಪ್ಪಿಕೊಂಡಿದ್ದರು. ಶಿಷ್ಯನ ಪುಸ್ತಕದಲ್ಲಿ ಮಾತ್ರ ಒಂದೇ ವಾಕ್ಯ: 'ಆ ದಿನಗಳಲ್ಲಿ ಅವರು ರಾಜಕೀಯದಿಂದ ದೂರವಿದ್ದು ಅಧ್ಯಯನದಲ್ಲಿ ಮುಳುಗಿದ್ದರು.'

ಅಚಿಂತ್ಯ ದೋಸೆ ಸೀಯಲು ಬಿಟ್ಟು ಕೂಗಾಡಿದ್ದ. "ಮೇಷ್ಟ್ರಿಗೆ ಕಾಫಿ ಎಷ್ಟು ಸ್ಟ್ರಾಂಗ್ ಬೇಕಿತ್ತು ಅಂತ ಎರಡು ಪುಟ ಇದೆ ಕಣೇ! ಜೈಲಿಗೆ ಹೋದ ಹುಡುಗರಿಗೆ ಹೆಸರೂ ಇಲ್ಲ!"

"ಅದರಿಂದ ಅವರ ತತ್ವ ಸುಳ್ಳಾಗುತ್ತಾ?"

"ಇಲ್ಲ. ಅದನ್ನೂ ಬರ್ದಿದೀನಿ. ತತ್ವ ದೊಡ್ಡದು, ಮನುಷ್ಯ ಹೆದರಿದ್ದ, ಪುಸ್ತಕ ಸುಳ್ಳು ಹೇಳುತ್ತೆ. ಮೂರೂ ನಿಜ."

*

ಕ್ರಿಮಟೋರಿಯಂನಲ್ಲಿ ಸುಬ್ರಹ್ಮಣ್ಯ ಮೈಕಿನ ಮುಂದೆ ಹಾಳೆಗಳನ್ನು ಹರಡಿಕೊಂಡರು.

"ಹೋಗುವ ಹಿಂದಿನ ಸಂಜೆ ಅಚಿಂತ್ಯ ನನಗೆ ಫೋನ್ ಮಾಡಿದ್ದ. 'ದುಡುಕಿಬಿಟ್ಟೆ ಸರ್, ವಿಮರ್ಶೆ ವಾಪಸ್ ತಗೋತೀನಿ' ಅಂತ ಅತ್ತ. ಎಂಥ ದೊಡ್ಡ ಮನಸ್ಸು!"

ಆ ಸಂಜೆಯೆಲ್ಲ ಅಚಿಂತ್ಯ ಅವಳ ಎದುರೇ ಕೂತು, ವಿಮರ್ಶೆಯ ಕೊನೆಯ ಭಾಗವನ್ನು ಇನ್ನಷ್ಟು ಚೂಪಾಗಿಸಿ ಓದಿಹೇಳಿದ್ದ. ಮಲಗಿದವನು ಏಳಲಿಲ್ಲ. ಈಗ ಇವನಿಗೂ ಒಂದು ವಾಕ್ಯ ಬರೆದು ಮುಗಿಸಿದರಲ್ಲ.

ಚಿನ್ಮಯಿ ಎದ್ದು ಮೈಕಿನ ಬಳಿ ಹೋದಳು. ಸಮಾಧಾನ ಹೇಳಲೆಂದು ಸುಬ್ರಹ್ಮಣ್ಯ ತೋಳು ಚಾಚಿದರು. ಅವಳು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಫೋನ್ ಮಾಡಿಲ್ಲ. ಅತ್ತಿಲ್ಲ. ವೇದಾ, ಒಂದಕ್ಷರ ತೆಗೀಬೇಡ."

"ಅಮ್ಮಾ, ನಂದಿನ್ನೂ ಎರಡು ಮಾತಿದೆ..." ಎಂದರು ಸುಬ್ರಹ್ಮಣ್ಯ.

ಶವಪೆಟ್ಟಿಗೆಯ ಮುಂದೆ ಪರದೆ ಎಳೆಯುವ ಗುಂಡಿ ಅವರ ಹಾಳೆಗಳ ಪಕ್ಕದಲ್ಲೇ ಇತ್ತು. ಕೊನೆಗೆ ಅದನ್ನು ಒತ್ತಿ ವಿದಾಯ ಮುಗಿಸಬೇಕಾದವಳು ಹೆಂಡತಿಯೇ. ಒತ್ತಿದಳು. ನೇರಳೆ ಪರದೆ ಎರಡೂ ಕಡೆಯಿಂದ ಸರಿದು ಬಂದು ಅಚಿಂತ್ಯನನ್ನು ಮರೆಮಾಡತೊಡಗಿತು. ಕುರ್ಚಿಗಳು ಕರಕರ ಸದ್ದು ಮಾಡಿದವು. ಜನ ಎದ್ದು ನಿಂತರು. ಸುಬ್ರಹ್ಮಣ್ಯ ಅರ್ಧ ಮಗುಚಿದ ಹಾಳೆಯನ್ನು ಹಾಗೇ ಹಿಡಿದುಕೊಂಡಿದ್ದರು.