ಕೆಂಪು ಮರಿಗಳ ಕೆಳಗೆ

ದೋಣಿ ಹತ್ತಿದರೆ ತಲೆ ಸುತ್ತುವ ನನ್ನಂಥವರು ಬಲೆ ಬೀಸುವವರಿಗೆ ಮೀನಿನ ಕಥೆ ಹೇಳುವುದು ಅಧಿಕಪ್ರಸಂಗವೇ ಸರಿ. ಕ್ಷಮಿಸಿ, ತಪ್ಪಿದ್ದರೆ ತಿದ್ದಿ. ಆದರೆ ಪೂರ್ತಿ ಕೇಳಿ.

ಒಬ್ಬ ದೋಣಿಯವನಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗಳಿಗೆ ಜಡೆ ಹೆಣೆಯುವುದನ್ನು ಅವನೇ ಕಲಿತ. ಬಲೆಗೆ ಗಂಟು ಹಾಕುವ ಕೈ ಅದು. ಸಂಜೆ ಜಡೆ ಬಿಚ್ಚುವುದೇ ಒಂದು ಸಾಹಸ. ಕೆರೆಯಲ್ಲಿ ಕೊರಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಹೀಗೇ ಆದರೆ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ದೂರದ ಕೆಲಸಕ್ಕೆ ಹೋಗಬೇಕು. ಅದಕ್ಕೆ ಅವನಿಗೆ ಸುತರಾಂ ಮನಸ್ಸಿರಲಿಲ್ಲ.

ಅಂದು ಬೆಳಿಗ್ಗೆ ದೋಣಿಯಲ್ಲಿ ಮಗಳಿದ್ದಳು. ಮೀನುಮರಿ ಸಾಕುವ ಕೇಂದ್ರದ ಅಕ್ಕನೂ ಕೆರೆ ನೋಡಲು ಬಂದಿದ್ದಳು. ಜೊಂಡಿನ ಪಕ್ಕ ನೀರು ಕೆಂಪಗೆ ಮಿಸುಕಾಡಿತು. ಕೊರಮೀನಿನ ಮರಿಗಳು, ಲೆಕ್ಕವಿಲ್ಲದಷ್ಟು. ದೋಣಿಯವನು ಗಾಳಕ್ಕೆ ಎರೆ ಸಿಕ್ಕಿಸಿದ.

“ಮರಿಗಳ ಮಧ್ಯೆ ಎಸೆದರೆ ಸಾಕು. ಕೆಳಗಿರೋ ದೊಡ್ಡದು ತಾನಾಗೇ ಬಂದು ಕಚ್ಚುತ್ತೆ. ನಮ್ಮಪ್ಪ ಕಲಿಸಿದ್ದು.”

“ಅದು ಕಚ್ಚೋದು ಹಸಿವಿಗಲ್ಲ ಅಣ್ಣ, ಮರಿ ಕಾಯೋಕೆ,” ಎಂದಳು ಅಕ್ಕ. “ಅದನ್ನ ಎತ್ತಿಬಿಟ್ರೆ ಬೇರೆ ಮೀನುಗಳು ಮರಿಗಳನ್ನ ನುಂಗಿ ನೀರು ಕುಡೀತವೆ.”

“ಮೀನಿಗೆಂಥ ಸಂಸಾರ ಬಿಡಕ್ಕ. ನೀರು ಕೆಟ್ಟಿದೆ, ಅದಕ್ಕೇ ಮೀನಿಲ್ಲ.”

“ಹಾಗಾದ್ರೆ ಇವೆಲ್ಲ ಆಕಾಶದಿಂದ ಬಿದ್ದವಾ? ಹುಟ್ಟೋದು ಹುಟ್ತಾನೇ ಇವೆ. ಬೆಳೆಯೋಕೆ ನಾವು ಬಿಡ್ತಿಲ್ಲ.”

ಅವನು ದೋಣಿಯ ಹುಟ್ಟಿನಿಂದ ಜೊಂಡು ಸರಿಸಿದ. ತಟ್ಟನೆ ಕಪ್ಪು ತಲೆಯೊಂದು ಎದ್ದು ಹುಟ್ಟಿಗೆ ಗುದ್ದಿತು. ಓಡಿಹೋಗಲಿಲ್ಲ. ಮರಿಗಳ ಕೆಳಗೆ ಒಂದು ಸುತ್ತು ಹಾಕಿ ಮತ್ತೆ ಗುದ್ದಿತು.

“ಅದು ಅವುಗಳ ಅಮ್ಮನಾ?” ಮಗಳು ಕೇಳಿದಳು.

“ಅಪ್ಪನೂ ಇರಬಹುದು ಪುಟ್ಟಿ,” ಎಂದಳು ಅಕ್ಕ. “ಇವುಗಳಲ್ಲಿ ಅಪ್ಪಂದಿರೂ ಕಾಯ್ತಾರೆ.”

“ಪಾಪ. ಸದ್ಯ, ಅದಕ್ಕೆ ಜಡೆ ಹಾಕೋ ಕಷ್ಟ ಇಲ್ಲ.”

ದೋಣಿಯವನು ನಕ್ಕ. ಆಮೇಲೆ ಗಾಳದಿಂದ ಎರೆ ತೆಗೆದ. ಗಾಳ ಸುತ್ತಿಟ್ಟ.

“ನಾನು ಬಿಟ್ಟದ್ದನ್ನ ಇನ್ನೊಬ್ಬ ಹಿಡಿದ್ರೆ?”

“ಅವರಿಗೆ ನೀನೇ ಹೇಳು. ನಾನು ಹೇಳಿದ್ರೆ ಪಾಠ ಅಂತಾರೆ.”

ದಡದಲ್ಲಿ ಹೇಳಿಯೂ ಹೇಳಿದ. “ಏನಪ್ಪ, ಮೀನಿನ ಜೊತೆ ನೆಂಟಸ್ತನ ಬೆಳೆಸಿದ್ಯಾ?” ಎಂದು ಬಲೆ ಹೊಲಿಯುತ್ತಿದ್ದ ಮುದುಕ ಕೆಣಕಿದ.

“ಬೆಳೆಸಿದೆ ಮಾವ. ಮರಿ ದೊಡ್ಡವಾಗೋವರೆಗೆ ನೀವೂ ಆ ಜೊಂಡಿನ ಕಡೆ ಹೋಗಬೇಡಿ.”

ಕೆಂಪು ಮರಿಗಳ ಗುಂಪು ಕಂಡರೆ ದಯವಿಟ್ಟು ನೀವೂ ದೋಣಿ ತಿರುಗಿಸಿ. ಮರಿಗಳು ಬೆಳೆದು ಚದುರುವವರೆಗೆ ಕಾವಲಿನ ಮೀನನ್ನು ಹಿಡಿಯಬೇಡಿ.

ಆ ಮರಿಗಳಲ್ಲಿ ಎಷ್ಟು ಉಳಿದವೋ ತಿಳಿಯದು. ಅಂದು ಹುಟ್ಟಿಗೆ ಗುದ್ದಿದ್ದು ಅಮ್ಮನೋ ಅಪ್ಪನೋ, ಅದೂ ಯಾರಿಗೂ ಗೊತ್ತಿಲ್ಲ. ಮಗಳು ಮಾತ್ರ ಅಪ್ಪನೇ ಎನ್ನುತ್ತಾಳೆ.