ಆದಿಲಕ್ಷ್ಮಮ್ಮ ಮುಚ್ಚಿಟ್ಟ ಮಾತ್ರೆಗಳು

ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹುಳದ ಮುಖ ನೋಡಿ ಅದಕ್ಕೇನಾಗಿದೆ ಅಂತ ಹೇಳಬಲ್ಲವಳು ತಾನೊಬ್ಬಳೇ ಎಂದು ಆದಿಲಕ್ಷ್ಮಮ್ಮ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಳ್ಳಲು ಆಕೆಗೆ ಹಕ್ಕೂ ಇತ್ತು. ಮೂವತ್ತೆಂಟು ವರ್ಷದಲ್ಲಿ ಆಕೆಯ ಕೈಯಲ್ಲಿ ಬೆಳೆ ಕೆಟ್ಟದ್ದು ಎರಡೇ ಸಲ. ಎರಡು ಸಲವೂ ತಪ್ಪು ಗಂಡ ಆವಲಪ್ಪನದು ಎಂಬುದನ್ನು ಇಡೀ ಊರಿಗೆ ಮನದಟ್ಟು ಮಾಡಿಸಿದ್ದಳು. ಇಂಥವಳ ಕೈಗೆ ಮಗನ ಮಾತ್ರೆ ಡಬ್ಬಿ ಬಂದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅಂತ ಆರು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಮಗ ಸುನೀಲ್‌ಕುಮಾರನಿಗೆ ಇಪ್ಪತ್ತೊಂಬತ್ತು. ಚಿಂತಾಮಣಿ ಮಂಡಿಯಿಂದ ಟೊಮೆಟೊ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಅಮಲಿನ ಮದ್ದನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವ ಚಟ ಹತ್ತಿಸಿಕೊಂಡಿದ್ದ. ಒಂದೇ ಸೂಜಿ ನಾಲ್ಕು ಜನರ ಕೈ ಸುತ್ತುತ್ತಿತ್ತು. ಮನೆಯವರಿಗೆ ತಿಳಿಯುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಬೆಂಗಳೂರಿನ ಒಂದು ಕೇಂದ್ರದಲ್ಲಿ ನಾಲ್ಕು ತಿಂಗಳಿದ್ದು ಸೂಜಿ ಬಿಟ್ಟ. ಬಿಟ್ಟು ಬರುವಾಗ ರಕ್ತದಲ್ಲಿ ಎಚ್‌ಐವಿ ಇದೆ ಎನ್ನುವ ಚೀಟಿಯನ್ನೂ ಹಿಡಿದು ಬಂದ.

ಆವಲಪ್ಪ ಅವತ್ತು ಕಡ್ಡಿ ಮುರಿದ ಹಾಗೆ ಹೇಳಿದ್ದ. "ಕಾಯಿಲೆ ಬಂದಿದೆ, ಸರಿ, ನೋಡ್ಕೊಳ್ಳಣ. ಇನ್ನೊಂದ್ಸಲ ಸೂಜಿ ಮುಟ್ಟಿದ್ದು ಗೊತ್ತಾಯ್ತೋ, ಈ ಮನೆ ಹೊಸಿಲು ತುಳೀಕೂಡ್ದು ಅಂತ ಹೇಳು ಅವನಿಗೆ. ಇನ್ನು ಸಾಕು, ಇಂಕ ಚಾಲು." ಸಿಟ್ಟು ಬಂದಾಗ ಆವಲಪ್ಪನ ಬಾಯಲ್ಲಿ ತೆಲುಗು ಬರುತ್ತಿತ್ತು, ತೆಲುಗು ಬಂದ ಮೇಲೆ ಮಾತು ಹಿಂದಕ್ಕೆ ಹೋಗುತ್ತಿರಲಿಲ್ಲ. ಎದುರಿಗೇ ಕೂತಿದ್ದ ಮಗನಿಗೆ ಹೆಂಡತಿಯ ಮೂಲಕ ಹೇಳಿ ಕಳಿಸುವ ಪದ್ಧತಿ ಅವತ್ತೇ ಶುರುವಾಯಿತು.

ಚಿಕಿತ್ಸೆಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೇ ಹೋದರು. ಹತ್ತಿರದ ಚಿಂತಾಮಣಿಯಲ್ಲಾದರೆ ಹತ್ತು ಜನ ಗುರುತಿನವರು ಎದುರಾಗಿ "ಏನ್ ಬಂದ್ರಿ?" ಅಂತ ಕೇಳುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಆಪ್ತಸಮಾಲೋಚಕಿಯಾಗಿ ಹರಿತಾ ಎಂಬ ಹುಡುಗಿ ಇದ್ದಳು. ಶಿಡ್ಲಘಟ್ಟದವಳು, ಅವಳಪ್ಪ ಗೂಡು ಬಿಚ್ಚಿಸಿ ನೂಲು ತೆಗೆಸುವವನು. ಅಷ್ಟು ಕೇಳಿದ್ದೇ ಆದಿಲಕ್ಷ್ಮಮ್ಮನಿಗೆ ಆಕೆ ತನ್ನ ಪೈಕಿಯವಳೇ ಅನ್ನಿಸಿತು. "ದಿನಾ ಸಂಜೆ ಎಂಟಕ್ಕೆ ಒಂದು ಮಾತ್ರೆ. ಒಂದು ದಿನಾನೂ ತಪ್ಪಬಾರದು. ಮನೇಲಿ ಯಾರಾದ್ರೂ ಜವಾಬ್ದಾರಿ ತಗೋಬೇಕು," ಅಂದಳು ಹರಿತಾ. "ನಾನಿದೀನಲ್ಲ," ಎಂದು ಆದಿಲಕ್ಷ್ಮಮ್ಮ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಿಟ್ಟಳು.

ಎರಡನೇ ವಾರಕ್ಕೆ ಸುನೀಲನ ಮೈ ತಿರುಗಿಬಿತ್ತು. ಹೊಟ್ಟೆ ತೊಳಸುತ್ತಿತ್ತು, ತಲೆ ಸುತ್ತುತ್ತಿತ್ತು, ಕೈಕಾಲು ಸೆಳೆಯುತ್ತಿತ್ತು. ನಿದ್ದೆಯಂತೂ ಹತ್ತಿರ ಸುಳಿಯುತ್ತಿರಲಿಲ್ಲ. ನಾಲ್ಕು ದಿನ ಹೀಗಾಗಿ ತಾನೇ ಇಳಿಯಿತು, ಮುಂದಿನ ತಿಂಗಳು ಮತ್ತೆ ಬಂತು.

"ಆ ಹರಿತಮ್ಮಂಗೆ ಹೇಳಣ ಕಣೋ," ಅಂದಳು ತಾಯಿ.

"ಬೇಡಮ್ಮ, ನಿನ್ ಕಾಲಿಗೆ ಬೀಳ್ತೀನಿ. ಸೂಜಿ ಬಿಟ್ಟ ಮೊದಲ ವಾರಾನೂ ಮೈ ಹಿಂಗೇ ಆಡಿತ್ತು. ಚುಚ್ಕೊಂತಿದ್ದೋನು ಬಂದು ನಿದ್ದೆ ಇಲ್ಲ, ಮೈ ನೋವು ಅಂದ್ರೆ ಯಾರ್ ನಂಬ್ತಾರೆ? ಮತ್ತೆ ಶುರು ಮಾಡ್ಕೊಂಡವ್ನೆ ಅಂತಾರೆ. ಅಪ್ಪ ಮೊದಲು ಅಂತಾರೆ."

ಮಗನ ಮಾತು ನಿಜವೇ ಆಗಿತ್ತು. ಹಾಗಂತ ಅವನ ಸಂಕಟ ನೋಡುತ್ತಾ ಕೂರುವ ಜಾತಿಯವಳಲ್ಲ ಆದಿಲಕ್ಷ್ಮಮ್ಮ. ತನಗೆ ಗೊತ್ತಿದ್ದ ದಾರಿಯಲ್ಲಿ ಯೋಚನೆ ಮಾಡಿದಳು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ, ಜ್ವರಕ್ಕೆ ಕೂರುವುದು ಅಂತ ಸಾಕುವವರು ಅದನ್ನೇ ಅನ್ನುತ್ತಾರೆ. ಆಗ ಅದು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಮೇವು ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಸೊಪ್ಪು ಹಾಕಿದವನು ಮೂರ್ಖ. ಸೊಪ್ಪು ನಿಲ್ಲಿಸಿ, ಮೇಲೊಂದಿಷ್ಟು ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಎದ್ದ ಮೇಲೆ ಮೊದಲು ಎಳೆ ಸೊಪ್ಪು, ಆಮೇಲೆ ಬಲಿತದ್ದು. ಇಷ್ಟು ಸಣ್ಣ ಪ್ರಾಣಿಗೇ ಈ ನಿಯಮ ಇದ್ದರೆ ಮನುಷ್ಯನಿಗೆ ಇರಬೇಡವೇ? ಹುಳಕ್ಕೆ ಒಂದು ದಿನ ಸಾಕು, ಮನುಷ್ಯನ ಮೈ ದೊಡ್ಡದು, ಮೂರು ದಿನವಾದರೂ ಬೇಕು ಎಂದು ಲೆಕ್ಕ ಹಾಕಿದಳು. ಸುಣ್ಣವೂ ಮನೆಯಲ್ಲೇ ಇತ್ತು. ಮಂಡಿ ನೋವಿಗೆ ಡಾಕ್ಟರು ಅವಳಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಕೂಡ ಬೆಳ್ಳಗೆ, ಉದ್ದಕ್ಕೆ, ಸುನೀಲನ ಮಾತ್ರೆಯ ಹಾಗೇ ಇತ್ತು. ಅದು ಸುಣ್ಣದಂಥದ್ದೇ ಅಂತ ಡಾಕ್ಟರೇ ಹೇಳಿದ್ದರು.

ಅಲ್ಲಿಂದ ಮುಂದೆ ಸುನೀಲನ ಮೈ ಕೆಟ್ಟಾಗಲೆಲ್ಲ ಮೂರು ದಿನ ಅವನಿಗೆ ಬಾಳೆಹಣ್ಣಿನ ತುಂಡಿನೊಳಗೆ ಹೋಗುತ್ತಿದ್ದದ್ದು ತಾಯಿಯ ಮಂಡಿ ಮಾತ್ರೆ. ನಾಲ್ಕನೇ ದಿನ ಅವನ ಮಾತ್ರೆಯಲ್ಲಿ ಅರ್ಧ, ಎಳೆ ಸೊಪ್ಪಿನ ಲೆಕ್ಕದಲ್ಲಿ. ಐದನೇ ದಿನ ಇಡೀ. ಉಳಿದ ಮಾತ್ರೆಗಳನ್ನು ಎಸೆಯಲು ಮನಸ್ಸಾಗದೆ ಎಲೆಯಡಿಕೆ ಚೀಲದ ತಳದಲ್ಲಿ ಚಿಂದಿಗೆ ಕಟ್ಟಿಟ್ಟಳು. ಹಾಗಾಗಿ ತಿಂಗಳು ತಿಂಗಳು ಆಸ್ಪತ್ರೆಯಲ್ಲಿ ಡಬ್ಬಿ ಎಣಿಸಿದಾಗ ಒಂದೂ ಹೆಚ್ಚುಕಮ್ಮಿ ಕಾಣುತ್ತಿರಲಿಲ್ಲ. ಆ ಮೂರು ದಿನ ಮಗ ನೆಮ್ಮದಿಯಾಗಿ ನಿದ್ದೆ ಮಾಡುವುದನ್ನು ನೋಡಿ ಆಕೆ ಬೀಗುತ್ತಿದ್ದಳು. ದೊಡ್ಡ ಡಾಕ್ಟರಿಗೆ ತಿಳಿಯದ್ದು ತನಗೆ ತಿಳಿಯಿತಲ್ಲ!

ಆರು ತಿಂಗಳಿಗೆ ರಕ್ತ ಪರೀಕ್ಷೆಯಾಯಿತು. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಎಣಿಸುವ ಪರೀಕ್ಷೆ. ಇಷ್ಟು ಹೊತ್ತಿಗೆ ಅದು ಲೆಕ್ಕಕ್ಕೆ ಸಿಗದಷ್ಟು ಇಳಿದಿರಬೇಕಿತ್ತು. ಹತ್ತೊಂಬತ್ತು ಸಾವಿರ ಬಂತು. ಮನೆಯವರೆಲ್ಲ ಒಂದು ಸಲ ಬನ್ನಿ ಎಂದು ಹರಿತಾ ಫೋನ್ ಮಾಡಿದಳು.

"ದಿನಾ ಮಾತ್ರೆ ನುಂಗೋನಿಗೆ ಯಾಕ್ ಜಾಸ್ತಿ ಆಗುತ್ತೆ?" ಆವಲಪ್ಪ ಹೆಂಡತಿಗೆ ಹೇಳಿದ. "ಮತ್ತೆ ಸೂಜಿ ಮುಟ್ಟವ್ನೆ. ನಿದ್ದೆ ಇಲ್ದೆ ಒದ್ದಾಡೋದು ನನ್ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಂಡ್ಯಾ? ಆಸ್ಪತ್ರೆಗೆ ಬರ್ತೀನಿ. ಅವರ ಬಾಯಲ್ಲೇ ಕೇಳಿ, ಅಲ್ಲಿಂದಾನೇ ಕಳಿಸ್ತೀನಿ."

ಸುನೀಲ ಎರಡು ಜೊತೆ ಬಟ್ಟೆಯನ್ನು ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರು. ಆದಿಲಕ್ಷ್ಮಮ್ಮನ ಕಣ್ಣು ಆ ಬ್ಯಾಗನ್ನು ಬಿಟ್ಟು ಕದಲಲಿಲ್ಲ.

"ಮಾತ್ರೆ ಬಿಟ್ಟಿದ್ರಾ?" ಆಸ್ಪತ್ರೆಯಲ್ಲಿ ಹರಿತಾ ಸುನೀಲನನ್ನು ಕೇಳಿದಳು.

"ಇಲ್ಲ ಮೇಡಂ."

"ತಗೊಂಡ್ರೆ ತೊಂದರೆ ಏನಾದ್ರೂ ಆಗುತ್ತಾ? ವಾಂತಿ, ನಿದ್ದೆ ಬರ್ದೇ ಇರೋದು?"

ಸುನೀಲ ಅಪ್ಪನ ಕಡೆ ನೋಡಿ ತಲೆ ಬಗ್ಗಿಸಿದ. ಹರಿತಾ ಪೆನ್ನು ಕೆಳಗಿಟ್ಟಳು. "ನೋಡಿ ಸುನೀಲ್, ಈ ಮಾತ್ರೆಯಿಂದ ನಿದ್ದೆ ಕೆಡೋದು ಎಷ್ಟೋ ಜನಕ್ಕೆ ಆಗುತ್ತೆ. ಸೂಜಿ ಬಿಟ್ಟೋರು ಮಾತ್ರ ಅದನ್ನ ಬಾಯಿ ಬಿಟ್ಟು ಹೇಳಲ್ಲ, ನಮ್ಮನ್ನ ಅನುಮಾನಿಸ್ತಾರೆ ಅಂತ ಭಯ. ನಾನು ಅನುಮಾನಿಸ್ತಿಲ್ಲ. ಆದ್ರೆ ಎಲ್ಲೋ ಮಾತ್ರೆ ತಪ್ಪಿದೆ. ನಡುನಡುವೆ ಎರಡು ಮೂರು ದಿನ ಬಿಟ್ರೆ ಹಿಂಗೇ ಬರೋದು."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ಒಂದು ಕ್ಷಣ ಆದಿಲಕ್ಷ್ಮಮ್ಮನ ತಲೆಗೆ ಬಂತು. ಆ ಯೋಚನೆಗೆ ಆಕೆಗೇ ನಾಚಿಕೆಯಾಯಿತು. ಎಲೆಯಡಿಕೆ ಚೀಲ ಬಿಚ್ಚಿ ಚಿಂದಿಯ ಗಂಟನ್ನು ಮೇಜಿನ ಮೇಲೆ ಸುರಿದಳು. ಹದಿನೈದು ಇಡೀ ಮಾತ್ರೆ, ಐದು ಅರ್ಧ, ಮೇಲೊಂದಿಷ್ಟು ಅಡಿಕೆ ಪುಡಿ.

"ನಾನೇ ಬಿಡಿಸ್ದೆ ತಾಯಿ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಲ್ವಲ್ಲ, ಹಂಗೆ. ಅವನಿಗೆ ಗೊತ್ತೇ ಇಲ್ಲ."

ಹರಿತಾ ಮಾತ್ರೆಗಳನ್ನೂ ಆಕೆಯ ಮುಖವನ್ನೂ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡರೆ ಬಯ್ಯಲಿಲ್ಲ. "ಅಮ್ಮ, ನಿಮ್ಮ ಹುಳದ ಮನೆ ಕಿಟಕಿಗೆ ಊಜಿ ನೊಣ ಬರಬಾರದು ಅಂತ ಪರದೆ ಕಟ್ಟಿದೀರ ತಾನೆ?"

"ಕಟ್ದೆ ಇರ್ತೀವಾ? ಒಂದು ನೊಣ ನುಗ್ಗಿದ್ರೂ ಹುಳದ ಮೈ ಮೇಲೆ ಮೊಟ್ಟೆ ಇಡ್ತದೆ."

"ಹುಳ ಜ್ವರಕ್ಕೆ ಕೂತಿದೆ ಅಂತ ಮೂರು ದಿನ ಪರದೆ ಬಿಚ್ಚಿಡ್ತೀರಾ?"

ಆದಿಲಕ್ಷ್ಮಮ್ಮ ಮೇಜಿನ ಮೇಲಿದ್ದ ಮಾತ್ರೆಗಳ ಕಡೆ ನೋಡಿದಳು. ಮಾತ್ರೆ ಸೊಪ್ಪಲ್ಲ, ಪರದೆ. ಮಗ ಒದ್ದಾಡುತ್ತಿದ್ದಾಗಲೇ ಐದು ಸಲ ತನ್ನ ಕೈಯಾರೆ ಬಿಚ್ಚಿಟ್ಟಿದ್ದಳು. ಯಾರು ಎಷ್ಟು ವಿವರಿಸಿದ್ದರೂ ಹತ್ತದಿದ್ದದ್ದು ಆ ಒಂದು ಪ್ರಶ್ನೆಗೆ ತಲೆಗೆ ಹತ್ತಿತು. "ಅಯ್ಯೋ ನನ್ನ ಕೈ ಸೇದೋಗ," ಎಂದು ಹಣೆ ಚಚ್ಚಿಕೊಂಡಳು. ಸುನೀಲ ಆ ಕೈಯನ್ನು ಹಿಡಿದುಕೊಂಡ.

ಆವಲಪ್ಪ ಮಾತ್ರ ಜಗ್ಗಲಿಲ್ಲ. "ಇವಳು ಮಗನ್ನ ಉಳಿಸ್ಕೊಳ್ಳೋಕೆ ಕಥೆ ಕಟ್ತಾವ್ಳೆ. ಅವನು ಬಿಸಾಕಿದ್ದನ್ನ ಆಯ್ದಿಟ್ಕೊಂಡು ತನ್ನ ತಲೆಗೆ ಹಾಕ್ಕೊಂತಾವ್ಳೆ."

"ಮೂರು ತಿಂಗಳು ಕೊಡಿ ಯಜಮಾನ್ರೇ," ಅಂದಳು ಹರಿತಾ. "ಮತ್ತೆ ಪರೀಕ್ಷೆ ಮಾಡ್ತೀವಿ."

"ಅಲ್ಲೀವರ್ಗೂ ಮನೇಲಿರ್ಲಿ ಅಂತ ಹೇಳು," ಅಂದ ಆವಲಪ್ಪ ಹೆಂಡತಿಗೆ. "ಹುಳದ ಮನೆಗೆ ಕಾಲಿಡೋದು ಬೇಡ."

ಡಾಕ್ಟರು ಸಂಜೆಯ ಮಾತ್ರೆಯನ್ನು ಬೆಳಿಗ್ಗೆ ತಿಂಡಿ ಆದ ಮೇಲಕ್ಕೆ ಬದಲಾಯಿಸಿದರು. ಹತ್ತೇ ದಿನದಲ್ಲಿ ಸುನೀಲನಿಗೆ ನಿದ್ದೆ ಬಂತು. ಹೊಟ್ಟೆ ತೊಳಸುವುದು ಆಮೇಲೂ ಎರಡು ಸಲ ಬಂತು. ಆ ಎರಡು ಸಲವೂ ಅವನೇ ಹರಿತಾಗೆ ಫೋನ್ ಮಾಡಿ, ಹೀಗಾಗ್ತಿದೆ ಮೇಡಂ, ಏನು ಮಾಡ್ಲಿ, ಎಂದು ಅಪ್ಪನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಕೇಳಿದ. ವಾಂತಿಗೆ ಬೇರೆ ಮಾತ್ರೆ ಕೊಟ್ಟರು, ಆದರೆ ಇದನ್ನು ಬಿಡಬೇಡಿ ಅಂದರು. ಅವನು ಮುಖ ಕಿವುಚಿಕೊಂಡು ನುಂಗುವಾಗ ಆದಿಲಕ್ಷ್ಮಮ್ಮ ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದಳು, ಅವನ ಕೈ ತಡೆಯುತ್ತಿರಲಿಲ್ಲ. ತನ್ನ ಮಂಡಿ ಮಾತ್ರೆಯನ್ನು ಪಕ್ಕದ ಮನೆಯ ವೆಂಕಟರತ್ನಮ್ಮನ ಹತ್ತಿರ ಇಟ್ಟು ಅಲ್ಲೇ ಹೋಗಿ ನುಂಗಿ ಬರುತ್ತಿದ್ದಳು. ತನ್ನ ಮೇಲೆ ತನಗೇ ಅಷ್ಟು ಅಪನಂಬಿಕೆ ಬಂದಿತ್ತು.

ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟರು. ಫಲಿತಾಂಶ ಬಂತು ಎಂದಾಗ ಮೂವರೂ ಹೋಗಿ ಅದೇ ಮೇಜಿನ ಮುಂದೆ ಕೂತರು. ಹರಿತಾಳ ಮುಖದಲ್ಲಿ ನಗು ತಡೆಯುತ್ತಿರಲಿಲ್ಲ. "ಪತ್ತೆಯೇ ಆಗ್ಲಿಲ್ಲ. ಯಂತ್ರಕ್ಕೆ ಸಿಗದಷ್ಟು ಇಳಿದುಬಿಟ್ಟಿದೆ. ದಿನಾ ತಪ್ಪದೆ ತಗೊಂಡ್ರೆ ಹಿಂಗೇ ಇರುತ್ತೆ!"

ಆವಲಪ್ಪ ಕಾಗದವನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. "ಸೂಜಿ ಮುಟ್ಟಿಲ್ಲ ಅಂತ ಇದ್ರಾಗೆ ಎಲ್ಲಿ ಬರ್ದದೆಯಮ್ಮ?"

"ಅದನ್ನ ಈ ಕಾಗದ ಹೇಳಲ್ಲ ಯಜಮಾನ್ರೇ. ಅದು ಬೇಕಿದ್ರೆ ನೀವು ಅವರನ್ನೇ ಕೇಳ್ಬೇಕು. ಪಕ್ಕದಲ್ಲೇ ಕೂತಿದಾರಲ್ಲ."

ಮಗನ ಪರವಾಗಿ ನೂರು ಮಾತು ಆದಿಲಕ್ಷ್ಮಮ್ಮನ ನಾಲಿಗೆ ತುದಿಗೆ ಬಂದಿದ್ದವು. ಹರಿತಾ ಮೇಜಿನ ಮೇಲೆ ಬೆರಳಾಡಿಸಿ ಬೇಡ ಎಂದಳು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಆದಿಲಕ್ಷ್ಮಮ್ಮ ಮೊದಲ ಸಲ ಬಾಯಿಗೆ ಬಂದ ಮಾತನ್ನು ನುಂಗಿದಳು.

ಆವಲಪ್ಪ ಕುರ್ಚಿಯಲ್ಲೇ ನಿಧಾನಕ್ಕೆ ಹೊರಳಿ ಮಗನಿಗೆ ಎದುರಾದ. "ಸುನೀಲ. ಮುಟ್ಟಿದ್ಯೇನೋ?"

"ಇಲ್ಲಪ್ಪ. ಆ ಸಂಕಟದಲ್ಲಿ ದಿನಾ ಆಸೆ ಆಗೋದು. ಒಂದು ಚುಚ್ಚಿದ್ರೆ ಎಲ್ಲಾ ಹೋಗುತ್ತೆ ಅಂತ ಗೊತ್ತಿತ್ತು. ಮುಟ್ಟಿಲ್ಲ."

"ಆಸೆ ಆಗ್ತಿತ್ತು ಅಂತ ಯಾಕೆ ಹೇಳ್ದೆ? ಬರೀ ಇಲ್ಲ ಅಂದಿದ್ರೆ ಆಗ್ತಿತ್ತಲ್ಲ."

"ನೀನು ಕೇಳಿದ್ಯಲ್ಲಪ್ಪ. ಅದಕ್ಕೇ."

ಆವಲಪ್ಪ ಕಾಗದವನ್ನು ಹರಿತಾಳ ಮೇಜಿನ ಮೇಲೇ ಬಿಟ್ಟು ಎದ್ದು ನಿಂತ. "ನಡಿ ಹೋಗಣ," ಎಂದು ಮಗನ ಭುಜದ ಮೇಲೆ ಕೈ ಹಾಕಿದ. "ಹುಳ ನಾಳೆ ಹಣ್ಣಾಗ್ತದೆ, ಗೂಡು ಕಟ್ಟೋಕೆ ಶುರು ಮಾಡ್ತದೆ. ಚಂದ್ರಿಕೆ ತಟ್ಟೆಗೆ ಬಿಡೋಕೆ ನಮ್ಮಿಬ್ರ ಕೈ ಸಾಲಲ್ಲ. ನೀನಿರ್ಬೇಕು."

ಆದಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ. ಇಡೀ ಆಸ್ಪತ್ರೆ ತಿರುಗಿ ನೋಡುವ ಹಾಗೆ ಗೊಳೋ ಎಂದು ಅತ್ತಳು. ಅತ್ತುಕೊಂಡೇ ಬಸ್‌ಸ್ಟಾಂಡಿಗೆ ಅವರಿಬ್ಬರಿಗಿಂತ ಮುಂಚೆ ತಲುಪಿ, ಚಿಂತಾಮಣಿ ಬಸ್ಸಿನ ಮೂರು ಜನರ ಸೀಟಿಗೆ ಅಡ್ಡಡ್ಡ ಕೂತು, "ನಮ್ಮೋರ್ ಬರ್ತಾವ್ರೆ" ಎಂದು ಹತ್ತಿದವರನ್ನೆಲ್ಲ ಹಿಂದಕ್ಕೆ ಕಳಿಸಿದಳು.